ಮೂರು ಕೊಂಬಿನದು ಬೇಲಿಗೆ ಹಾಯುತ್ತಿದೆ

ಮಾರ್ಚ್ 4

ಅಪ್ಪ,

ಫೋನು ಮಾಡಿ ಪ್ರಯೋಜನವಿಲ್ಲ ಎಂದು ಮೊನ್ನೆಯೇ ಗೊತ್ತಾಯಿತು. ನಾನು ಹೇಳಿದ್ದಕ್ಕೆಲ್ಲ ನೀವು ‘ಹೂಂ, ಹೂಂ’ ಎಂದಿರಿ. ಪರೀಕ್ಷೆ ಮಾಡೋಣವೆಂದು ‘ನಾಳೆ ಆಕಾಶ ಕಳಚಿ ಬೀಳುತ್ತಂತೆ’ ಎಂದೆ. ‘ಹೂಂ, ಒಳ್ಳೇದಾಯ್ತು ಬಿಡು’ ಎಂದಿರಿ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದುವುದಕ್ಕೆ ಕನ್ನಡಕ ಹಾಕಿಕೊಂಡರೆ ಸಾಕಲ್ಲ.

ಸುದ್ದಿ ಇಷ್ಟು. ಡಾಕ್ಟರಮ್ಮ ನನ್ನನ್ನು ಮಂಚಕ್ಕೆ ಕಟ್ಟಿಹಾಕಿದ್ದಾರೆ. ಗರ್ಭದಲ್ಲಿ ಮಗುವಿನ ಮಾಸು ತೀರಾ ಕೆಳಗೆ ಕೂತಿದೆಯಂತೆ, ಓಡಾಡಿದರೆ ರಕ್ತ ಹೋಗಬಹುದಂತೆ. ಮೇ ಕೊನೆಗೆ ಹೆರಿಗೆ. ಅಲ್ಲಿಯವರೆಗೆ ಬಚ್ಚಲಿಗೆ ಹೋಗಿ ಬರುವುದು ಬಿಟ್ಟರೆ ಏಳುವಂತಿಲ್ಲ. ‘ಹಿಂದಿನ ಎರಡು ಸಲ ಆದದ್ದು ಈ ಸಲನೂ ಆಗಬಾರದು ಅಂದ್ರೆ ಸುಮ್ನೆ ಮಲ್ಕೊಳ್ಳಮ್ಮ’ ಎಂದರು. ಸುಮ್ಮನೆ ಮಲಗಿದ್ದೇನೆ. ಸುಮ್ಮನೆ ಮಲಗುವುದು ಇಷ್ಟು ಸುಸ್ತಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಅಳಿಯ ಹಡಗಿಗೆ ಹಿಂತಿರುಗಿದರು. ಎಂಜಿನ್ ಕೋಣೆಯ ಕೆಲಸ, ಒಪ್ಪಂದ ಜುಲೈವರೆಗಿದೆ. ನಡುವೆ ಬಿಟ್ಟು ಬಂದರೆ ಮತ್ತೆ ಕರೆಯುವುದಿಲ್ಲ. ನಾನೇ ‘ಹೋಗಿ’ ಎಂದೆ. ಊರಿನಲ್ಲಿರುವ ಅತ್ತೆಯವರದು ನಿಮಗೆ ಗೊತ್ತೇ ಇದೆ, ಅವರನ್ನೇ ಇಬ್ಬರು ಹಿಡಿದು ಎಬ್ಬಿಸಬೇಕು. ಬೆಳಿಗ್ಗೆ ಕೆಲಸದ ಅಕ್ಕ ಒಬ್ಬಳು ಬಂದು ಅಡುಗೆ ಮಾಡಿ, ಪಾತ್ರೆ ತೊಳೆದು, ಮಧ್ಯಾಹ್ನದ್ದನ್ನೂ ರಾತ್ರಿಯದನ್ನೂ ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟು ಹೋಗುತ್ತಾಳೆ. ಅವಳು ಬಾಗಿಲು ಎಳೆದುಕೊಂಡು ಹೋದ ಮೇಲೆ, ಮರುದಿನ ಬರುವವರೆಗೆ, ಮನೆಯಲ್ಲಿ ನಾನು ಮತ್ತು ಫ್ಯಾನು.

ಹೊತ್ತು ಹೋಗಲಿ ಎಂದು ಇವರು ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿಕೊಟ್ಟು ಹೋಗಿದ್ದಾರೆ. ಡೈನೋಸಾರ್ ಪಾರ್ಕ್ ಕಟ್ಟಿ ನಡೆಸುವ ಆಟ. ನಗಬೇಡಿ. ಮೃಗಾಲಯದಲ್ಲಿ ಬೋನು ತೊಳೆಯುವವನ ಮಗಳು ಹೆರಿಗೆಗೆ ಮುಂಚೆ ಡೈನೋಸಾರ್ ಸಾಕುತ್ತಾಳೆ ಎಂದರೆ ನಿಮ್ಮ ಸಾಹೇಬರೂ ನಗುತ್ತಾರೆ. ಮೊದಲಿಗೆ ಒಂದು ಬೋಳು ದ್ವೀಪ ಕೊಡುತ್ತಾರೆ. ಒಬ್ಬ ಹೆಂಗಸಿನ ದನಿ ‘ಅದು ಮಾಡಿ, ಇದು ಮಾಡಿ’ ಎಂದು ಹೇಳಿಕೊಡುತ್ತಾ ಹೋಗುತ್ತದೆ. ನನಗೆ ಈಗಾಗಲೇ ಹಾಗೆ ಹೇಳುವವರು ಇಬ್ಬರಿದ್ದಾರೆ, ಅವಳ ಬಾಯಿ ಮುಚ್ಚಿಸಿಬಿಟ್ಟೆ. ದೊಡ್ಡ ಹೆಬ್ಬಾಗಿಲು ಕಟ್ಟಿದೆ, ಕಲ್ಲಿನ ದಾರಿ ಹಾಕಿದೆ, ಬೆಂಚು, ಕಾರಂಜಿ, ತಿಂಡಿ ಅಂಗಡಿ, ಟೋಪಿ ಅಂಗಡಿ, ಶೌಚಾಲಯ. ತುಂಬಾ ಚೆಂದ ಬಂತು. ಬಾಗಿಲು ತೆಗೆದೆ. ಜನ ಬಂದರು, ಅತ್ತಿತ್ತ ನೋಡಿದರು, ಹೊರಟುಹೋದರು. ಪ್ರಾಣಿಯೇ ಇರಲಿಲ್ಲ. ಕೈಯಲ್ಲಿದ್ದ ಹಣವೆಲ್ಲ ಕಾರಂಜಿಗೆ ಹೋಗಿತ್ತು.

ನಿಜವಾಗಿ ಹೇಗೆ ಶುರು ಮಾಡುತ್ತಾರೆ ಅಪ್ಪ? ಒಂದು ಪ್ರಾಣಿ ಬರುವ ಮುಂಚೆ ನೀವು ಮೊದಲು ಏನು ಮಾಡುತ್ತಿದ್ದಿರಿ? ಇಷ್ಟು ವರ್ಷ ನಾನು ಕೇಳಿಯೇ ಇಲ್ಲ.

ಕರಡಿಯನ್ನು ಬೇರೆ ಕಡೆ ಸಾಗಿಸಿದ ಕೂಡಲೇ ಬಂದು ಹೆರಿಗೆಯವರೆಗೆ ಇರುತ್ತೇನೆ ಎಂದಿದ್ದಿರಿ. ಸಾಗಿಸಿದರೇ?

ನಿಮ್ಮ ಮಗಳು


ಮಾರ್ಚ್ 12

ಮರಿ,

ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಬರೆಯುತ್ತೀ, ನಿನ್ನಮ್ಮನ ಹಾಗೆ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಕಾಲು ಊದಿದೆಯೇ, ಈ ಮೂರಕ್ಕೆ ಬೇರೆ ಬೇರೆ ಉತ್ತರ ಬರೆ. ನಾವು ಪ್ರಾಣಿಗಳ ವರದಿ ಬರೆಯುವುದು ಹಾಗೆಯೇ. ‘ಚೆನ್ನಾಗಿದೆ’ ಎಂದು ಬರೆದವನಿಗೆ ಹಳೇ ಸಾಹೇಬರು ಬೈಯುತ್ತಿದ್ದರು.

ಇಲ್ಲಿ ಮೃಗಾಲಯ ಮುಚ್ಚುವ ಕೆಲಸ ನಡೆದಿದೆ. ಟಿಕೆಟ್ ಕಿಂಡಿಗೆ ಹಲಗೆ ಹೊಡೆದಾಯಿತು. ಹಕ್ಕಿಮನೆ ಖಾಲಿ, ಬಲೆಯಲ್ಲಿ ಕಾಗೆಗಳು ನುಗ್ಗಿ ಕೂತಿವೆ; ಅವಕ್ಕೆ ಯಾರ ಅಪ್ಪಣೆಯೂ ಬೇಡ. ಉಳಿದಿರುವುದು ಜಿಂಕೆಗಳು, ಎರಡು ಆಮೆ, ನಮ್ಮ ಮುದುಕಿ. ಕರಡಿಗೆ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಈಗ ಎಲ್ಲರೂ ಮುದುಕಿ ಎಂದೇ ಕರೆಯುವುದು. ಒಂದು ಕಣ್ಣು ಪೂರ್ತಿ ಹೋಗಿದೆ. ಹಲ್ಲೂ ಇಲ್ಲ. ಕುಂಬಳಕಾಯಿ ಬೇಯಿಸಿ, ಬ್ರೆಡ್ಡು ನೆನೆಸಿ ಕಲಸಿ ಕೊಡುತ್ತೇನೆ. ನಾನು ಕೊಟ್ಟರೆ ತಿನ್ನುತ್ತಾಳೆ, ಬೇರೆಯವರು ಕೊಟ್ಟರೆ ತಟ್ಟೆಗೆ ಬೆನ್ನು ಹಾಕುತ್ತಾಳೆ. ಅವಳನ್ನು ಒಯ್ಯುವ ಲಾರಿ ಮುಂದಿನ ತಿಂಗಳು ಬರುತ್ತದಂತೆ. ಬಂದ ಮರುದಿನವೇ ನಾನು ಹೊರಟೆ ಎಂದುಕೋ.

ನಿನ್ನ ಪಾರ್ಕಿನ ವಿಷಯ. ನೀನು ಮಾಡಿದ್ದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಗಾದೆ ಬರೆದ ಮೇಲೆ ಬರೆಯಬಾರದಿತ್ತು ಎನಿಸಿತು. ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಶುರು ಮಾಡುವುದು ನೀರಿನಿಂದ. ನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಂಡು ಅದರ ಹತ್ತಿರ ನೆರಳು ಮಾಡು. ಬೇಲಿ ಆಮೇಲೆ. ಪ್ರಾಣಿಗೆ ಜನರ ಕಣ್ಣಿನಿಂದ ತಪ್ಪಿಸಿಕೊಳ್ಳುವ ಒಂದು ಮೂಲೆ ಇರಲೇಬೇಕು, ಇಲ್ಲದಿದ್ದರೆ ಅದು ದಿನವಿಡೀ ಸಂತೆಯಲ್ಲಿ ಮಲಗಿದಂತೆ. ಆಹಾರ ಕೊಡುವವನು ಒಳಗೆ ಹೋಗಲು ಎರಡು ಬಾಗಿಲು ಇರಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು. ಎಲ್ಲಕ್ಕಿಂತ ಮುಖ್ಯ, ಹೊಸ ಪ್ರಾಣಿಯನ್ನು ಬಂದ ಕೂಡಲೇ ಜನರಿಗೆ ತೋರಿಸಬೇಡ. ಅದು ಹೊಟ್ಟೆ ತುಂಬ ತಿಂದು, ನಿನ್ನ ಕಡೆಗೆ ಬೆನ್ನು ತಿರುಗಿಸಿ ನಿದ್ದೆ ಹೋಗುವವರೆಗೆ ಹೆಬ್ಬಾಗಿಲು ತೆಗೆಯಬೇಡ. ಬೆನ್ನು ತಿರುಗಿಸಿ ಮಲಗಿತೆಂದರೆ ಜಾಗವನ್ನು ನಂಬಿತು ಎಂದರ್ಥ.

ಎಡ ಮಗ್ಗುಲಾಗಿ ಮಲಗು. ನಿನ್ನಮ್ಮನಿಗೂ ಹಾಗೇ ಹೇಳಿದ್ದರು.

ಅಪ್ಪ


ಮಾರ್ಚ್ 23

ಅಪ್ಪ,

ವರದಿ: ಊಟ ಸೇರುತ್ತದೆ, ಅಕ್ಕ ಉಪ್ಪು ಕಡಿಮೆ ಹಾಕಿದರೂ. ನಿದ್ದೆ ಬಿಟ್ಟು ಬಿಟ್ಟು. ಕಾಲು ಊದಿದೆ, ಬೆರಳಿನಿಂದ ಒತ್ತಿದರೆ ಗುಂಡಿ ನಿಲ್ಲುತ್ತದೆ. ಮಗು ಒದೆಯುತ್ತದೆ, ಲ್ಯಾಪ್‌ಟಾಪು ಹೊಟ್ಟೆಗೆ ತಾಗಿದರೆ ಜೋರಾಗಿ ಒದೆಯುತ್ತದೆ. ಗಾದೆ ನನ್ನ ಮನಸ್ಸಿಗೆ ಹತ್ತಲಿಲ್ಲ. ಕುಲಾವಿ ಇರಲಿ, ಈ ಸಲ ಒಂದು ಬಟ್ಟೆಚೂರೂ ತಂದಿಲ್ಲ. ಬೀರುವಿನ ಕೆಳಗಿನ ಖಾನೆ ಖಾಲಿ ಮಾಡಿ ಇಟ್ಟಿದ್ದೇನೆ, ಅಷ್ಟೆ. ಹಿಂದಿನ ಸಲ ತಂದಿದ್ದನ್ನು ಯಾರಿಗೆ ಕೊಟ್ಟೆ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ನಿಮ್ಮ ಉಪದೇಶದ ಕಥೆ ಕೇಳಿ. ಹೊಸದಾಗಿ ಶುರು ಮಾಡಿದೆ. ಮೊದಲು ಕೊಳ, ಆಮೇಲೆ ಮರ, ಆಮೇಲೆ ಬೇಲಿ, ಬೇಲಿಗೆ ಕರೆಂಟು. ಎರಡು ಬಾಗಿಲು. ನೆಲ ಅಗೆದು ಮೂಳೆ ಹುಡುಕಿ ತರಲು ಜನ ಕಳಿಸಿದೆ. ಆ ಮೂಳೆಯಿಂದ ಮೊಟ್ಟೆ ಮಾಡುತ್ತಾರೆ, ಹೇಗೆ ಎಂದು ಕೇಳಬೇಡಿ. ಮೊಟ್ಟೆಯೊಡೆದು ಎರಡು ಸಣ್ಣವು ಬಂದವು, ಉದ್ದ ಕತ್ತಿನ ಕೋಳಿಗಳ ಹಾಗೆ ಓಡುತ್ತವೆ. ಸೊಪ್ಪು ತಿಂದವು, ನೀರು ಕುಡಿದವು. ನಾನು ಹೆಬ್ಬಾಗಿಲು ಮುಚ್ಚಿಕೊಂಡು ಕಾದೆ. ಅವು ಬೆನ್ನು ತಿರುಗಿಸಿ ಮಲಗಲಿ ಎಂದು ಕಾದೆ. ಮಲಗಲೇ ಇಲ್ಲ ಅಪ್ಪ. ಆ ಜಾತಿಗೆ ಮಲಗುವುದನ್ನು ಆಟದವರು ಕಲಿಸಿಯೇ ಇಲ್ಲವೋ ಏನೋ. ನಾನು ಕಾಯುತ್ತಲೇ ಇದ್ದೆ, ಖರ್ಚು ಏರುತ್ತಲೇ ಇತ್ತು. ಕೊನೆಗೆ ಪರದೆಯ ಮೇಲೆ ದೊಡ್ಡದಾಗಿ ಬಂತು: ನಿಮ್ಮ ಪಾರ್ಕನ್ನು ಮುಚ್ಚಲಾಗಿದೆ.

ಅಕ್ಕ ಪಕ್ಕದಲ್ಲಿ ನಿಂತು ನೆಲ ಒರೆಸುವ ಬಟ್ಟೆ ಹಿಂಡುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ‘ಅಲ್ಲಮ್ಮ, ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತ್ರೆ ಗಿರಾಕಿ ಗೋಡೆ ಹಾರಿ ಬರ್ತಾರಾ?’ ಎಂದಳು. ‘ನಮ್ಮಪ್ಪ ಹೇಳಿದ್ದು’ ಎಂದೆ. ‘ನಿಮ್ಮಪ್ಪ ಎಷ್ಟು ಅಂಗಡಿ ನಡ್ಸಿದಾರೆ?’ ಎಂದು ಕೇಳಿದಳು.

ಮೂರನೆಯ ಸಲ ಅಕ್ಕನ ಮಾತಿನಂತೆ ಮಾಡಿದೆ. ಪ್ರಾಣಿ ಬಿಟ್ಟ ಗಳಿಗೆಯಲ್ಲೇ ಬಾಗಿಲು ತೆಗೆದೆ. ನೋಡುವ ಅಟ್ಟಣೆ ಕಟ್ಟಿದೆ, ಒಂದೇ ಒಂದು ತಿಂಡಿ ಅಂಗಡಿ ಇಟ್ಟೆ. ಜನ ಸಾಲುಗಟ್ಟಿದರು. ನಿಮ್ಮ ಕೊಳ, ನಿಮ್ಮ ನೆರಳು, ಅವಳ ಬಾಗಿಲು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದ್ದ ನಿಮ್ಮಿಬ್ಬರನ್ನು ಒಂದೇ ನೊಗಕ್ಕೆ ಕಟ್ಟಿ ಪಾರ್ಕು ನಡೆಸುತ್ತಿದ್ದೇನೆ.

ಲಾರಿ ಯಾವ ತಾರೀಕಿಗೆ ಎಂದು ಗೊತ್ತಾಯಿತೇ?

ನಿಮ್ಮ ಮಗಳು


ಏಪ್ರಿಲ್ 2

ಮರಿ,

ನಿನ್ನ ಕಾಗದವನ್ನು ಕಾವಲುಗಾರನಿಗೆ ಓದಿ ಹೇಳಿದೆ. ಬಾಯಲ್ಲಿದ್ದ ನೀರು ಹೊರಗೆ ಬರುವ ಹಾಗೆ ನಕ್ಕ. ‘ಇಲ್ಲೂ ಹಾಗೇ ಆಯ್ತಲ್ವಾ ಯಜಮಾನ್ರೇ. ನೀವು ಪ್ರಾಣಿ ಮಲಗ್ಲಿ ಅಂತ ಕಾದ್ರಿ, ಮೇಲಿನವರು ಪಾರ್ಕೇ ಮಲಗಿಸಿಬಿಟ್ರು’ ಎಂದ. ಬಾಯಿಬಡುಕ, ಆದರೆ ಕೆಟ್ಟವನಲ್ಲ.

ಲಾರಿ ಬಂತು. ಜಿಂಕೆಗಳನ್ನು ಹತ್ತಿಸಿಕೊಂಡು ಹೋಯಿತು. ಹತ್ತಿಸುವುದರೊಳಗೆ ಸಾಕುಬೇಕಾಯಿತು, ಮೊಣಕೈ ಚರ್ಮ ಕಿತ್ತಿದೆ. ಆಮೆಗಳನ್ನು ಬುಟ್ಟಿಯಲ್ಲಿ ಒಯ್ದರು. ಮುದುಕಿಯ ಬೋನಿನ ಮುಂದೆ, ಪ್ರಾಣಿಗಳನ್ನು ಒಯ್ಯುವ ಕಡೆಯ ವೈದ್ಯರು ಬಂದು ನಿಂತು, ಬ್ಯಾಟರಿ ಬಿಟ್ಟು ಕಣ್ಣು ನೋಡಿದರು, ಬಾಯಿ ನೋಡಿದರು. ‘ಇದನ್ನ ತಗೊಂಡು ಹೋಗಿ ಏನ್ ಮಾಡೋದು, ದಾರೀಲೇ ಹೋಗುತ್ತೆ’ ಎಂದರು. ಲಾರಿ ಹೊರಟುಹೋಯಿತು. ಸಾಹೇಬರು ಇನ್ನೊಂದು ಮೃಗಾಲಯಕ್ಕೆ ಬರೆದಿದ್ದಾರೆ. ನೋಡೋಣ.

ಈಗ ಇಡೀ ಆವರಣದಲ್ಲಿ ಅವಳೊಬ್ಬಳೇ. ಜಿಂಕೆ ಹೋದ ದಿನ ಸಂಜೆಯವರೆಗೆ ಮೂಗು ಎತ್ತಿ ಆ ಕಡೆಯ ಗಾಳಿಯನ್ನು ಮೂಸುತ್ತಿದ್ದಳು.

ಕಾಲಿಗೆ ದಿಂಬು ಕೊಟ್ಟುಕೋ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ನಾನು ಯಾವ ಅಂಗಡಿಯನ್ನೂ ನಡೆಸಿಲ್ಲ ಎಂದೂ ಹೇಳು.

ಅಪ್ಪ


ಏಪ್ರಿಲ್ 10

ಅಪ್ಪ,

ಪಾರ್ಕು ದೊಡ್ಡದಾಗಿದೆ. ಈಗ ಬಿರುಗಾಳಿಯೂ ಬರುತ್ತದೆ. ಮೊದಲ ಗಾಳಿಗೆ ಕರೆಂಟು ಹೋಗಿ, ಬೇಲಿ ಸತ್ತು, ಉದ್ದ ಕತ್ತಿನ ಕೋಳಿಗಳು ತಿಂಡಿ ಅಂಗಡಿಯ ಮುಂದೆ ಓಡಾಡಿದವು. ಸೊಪ್ಪು ತಿನ್ನುವಂಥವು, ಆದರೂ ಜನ ಚೀರಿಕೊಂಡು ಓಡಿದರು. ಹೆಲಿಕಾಪ್ಟರಿನಿಂದ ಮಂಪರು ಮದ್ದಿನ ಸೂಜಿ ಹೊಡೆದು ಹಿಡಿದು ತಂದೆ. ಹತ್ತು ಸಲ ಗುರಿ ತಪ್ಪಿತು. ನೀವಾಗಿದ್ದರೆ ಸೊಪ್ಪಿನ ಕಟ್ಟು ತೋರಿಸಿ ಕರೆದುಕೊಂಡು ಬರುತ್ತಿದ್ದಿರಿ.

ಈಗ ಒಂದು ಸಮಸ್ಯೆ. ಇದ್ದಬದ್ದ ಹಣ ಸುರಿದು ಒಂದು ದೊಡ್ಡದನ್ನು ಮಾಡಿಸಿದ್ದೇನೆ. ಮೂರು ಕೊಂಬಿನದು. ತಲೆಯ ಹಿಂದೆ ಮೊರದಷ್ಟು ಅಗಲದ ಮೂಳೆ. ನೋಡಲು ಬಲು ಗಂಭೀರ, ನಿಮ್ಮ ಹಳೇ ಸಾಹೇಬರ ಹಾಗೆ. ಒಂದನ್ನೇ ಮಾಡಿಸಿದ್ದು, ಅದಕ್ಕೆ ಪ್ರತ್ಯೇಕ ಜಾಗ. ದೊಡ್ಡ ಕೊಳ, ಬೇಕಾದಷ್ಟು ಹುಲ್ಲು, ಮೂಲೆಯಲ್ಲಿ ದಟ್ಟ ಮರ. ಪ್ರತಿ ಪ್ರಾಣಿಯದೂ ಒಂದು ಪಟ್ಟಿ ಇರುತ್ತದೆ, ಮೇವು, ನೀರು, ನೆರಳು, ಜಾಗ ಎಂದು. ನಾನು ನೋಡಿದ ಸಾಲೆಲ್ಲ ಹಸಿರು. ಆದರೂ ಅದು ಬೇಲಿಗೆ ಹಾಯುತ್ತದೆ. ದೂರದಿಂದ ಓಡಿ ಬಂದು ತಲೆ ಬಗ್ಗಿಸಿ ಹಾಯುತ್ತದೆ, ಕರೆಂಟು ಹೊಡೆದರೆ ಹಿಂದೆ ಸರಿಯುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಹಾಯುತ್ತದೆ. ಎಷ್ಟು ಸಲ ಸರಿಮಾಡಿಸುವುದು? ಹೊಟ್ಟೆ ತುಂಬಿದೆ, ಬಾಯಾರಿಕೆಯಿಲ್ಲ, ಯಾರೂ ಹೊಡೆಯುತ್ತಿಲ್ಲ. ಇಂಥ ಪ್ರಾಣಿ ಯಾಕೆ ಹೀಗೆ ಮಾಡುತ್ತದೆ ಅಪ್ಪ? ನಿಮಗೆ ಗೊತ್ತಿರಬೇಕು.

ಮೊನ್ನೆ ಮಧ್ಯಾಹ್ನ ಅಕ್ಕ ಹೋದ ಮೇಲೆ ಸ್ವಲ್ಪ ರಕ್ತ ಕಂಡಿತು. ಆಸ್ಪತ್ರೆಗೆ ಫೋನು ಮಾಡಿದೆ. ಜಾಸ್ತಿಯಾದರೆ ಯಾರನ್ನಾದರೂ ಕರೆದುಕೊಂಡು ತಕ್ಷಣ ಬನ್ನಿ, ಇಲ್ಲದಿದ್ದರೆ ಅಲುಗಾಡದೆ ಮಲಗಿ ಎಂದರು. ಫೋನು ಕೈಯಲ್ಲೇ ಹಿಡಿದುಕೊಂಡು ಮಲಗಿದ್ದೆ. ಜಾಸ್ತಿಯಾಗಲಿಲ್ಲ. ಸಂಜೆ ಹೊತ್ತಿಗೆ ಮಗು ಒದೆಯಿತು. ಆಮೇಲೆ ಊಟ ಮಾಡಿದೆ.

ನಿಮ್ಮ ಮಗಳು


ಏಪ್ರಿಲ್ 18

ಮರಿ,

ಬೇಲಿಗೆ ಹಾಯುವ ಪ್ರಾಣಿಗೆ ಬೇಲಿ ಎರಡು ಪದರ ಇರಬೇಕು. ಒಳಗಿನದು ಮರದ್ದಾದರೆ ಒಳ್ಳೆಯದು, ತಲೆಗೆ ಪೆಟ್ಟಾಗುವುದಿಲ್ಲ. ಎರಡರ ನಡುವೆ ಒಂದಾಳು ಆಳದ ಕಂದಕ ತೋಡಿಸು. ಓಡಿ ಬರುವ ದಾರಿಯಲ್ಲಿ ದೊಡ್ಡ ಕಲ್ಲುಗಳನ್ನು ಹಾಕು, ವೇಗ ಸಿಗದಿದ್ದರೆ ಹಾಯುವ ಉಮೇದು ಇಳಿಯುತ್ತದೆ. ಬೇಲಿಗೆ ಹೊಂದಿಕೊಂಡು ಪೊದೆ ಬೆಳೆಸಿದರೆ ಹೊರಗಿನದು ಕಾಣುವುದಿಲ್ಲ. ಕಾಣದಿದ್ದರೆ ಆಸೆಯೂ ಆಗುವುದಿಲ್ಲ. ನಮ್ಮಲ್ಲಿ ಹಿಂದೆ ಒಂದು ಕಾಡುಕೋಣ ಹೀಗೇ ಮಾಡುತ್ತಿತ್ತು. ಮೇವನ್ನು ಒಂದೇ ಕಡೆ ಹಾಕದೆ ನಾಲ್ಕು ಕಡೆ ಹಂಚಿ ಹಾಕಿದೆವು, ಹುಡುಕುವುದರಲ್ಲೇ ಹೊತ್ತು ಹೋಗಿ ಕೊನೆಗೆ ತಣ್ಣಗಾಯಿತು. ನಿನ್ನ ಆಟದಲ್ಲಿ ಹಾಗೆ ಹಂಚಿ ಹಾಕಲು ಆಗುತ್ತದೆಯೇ ನೋಡು.

ರಕ್ತದ ವಿಷಯ ಡಾಕ್ಟರಮ್ಮನಿಗೆ ಖುದ್ದಾಗಿ ಹೇಳು.

ಮುದುಕಿಯ ಬಗ್ಗೆ ಆ ಇನ್ನೊಂದು ಕಡೆಯಿಂದ ಇನ್ನೂ ಉತ್ತರವಿಲ್ಲ. ಎರಡು ದಿನದಿಂದ ಹಿಂಗಾಲು ಎಳೆಯುತ್ತಿದ್ದಾಳೆ. ಇಲ್ಲಿ ಬಿಸಿಲು ಜೋರಾಗಿದೆ. ಕುಂಬಳಕಾಯಿ ಬೇಗ ಕೊಳೆಯುತ್ತದೆ.

ಅಪ್ಪ


ಏಪ್ರಿಲ್ 25

ಅಪ್ಪ,

ಕಲ್ಲು ಹಾಕಿದೆ. ಪೊದೆ ನೆಟ್ಟೆ. ಬೇಲಿ ಎರಡು ಪದರ ಮಾಡಿದೆ. ಅದು ಪೊದೆಯನ್ನೂ ಸೇರಿಸಿ ಹಾಯ್ದಿತು.

ಆಮೇಲೆ ಆ ಪಟ್ಟಿಯನ್ನು ಇನ್ನೊಂದು ಸಲ ತೆಗೆದು ನೋಡಿದೆ. ಹೊಸಬಳ ಪೆದ್ದುತನ. ಅದನ್ನು ಕೆಳಗೆ ಸರಿಸಬೇಕಿತ್ತು, ನಾನು ಸರಿಸಿರಲೇ ಇಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಜೊತೆಗಾರರು. ಅದು ಕೆಂಪಗಿತ್ತು. ಪಕ್ಕದಲ್ಲೇ ಬರೆದಿದ್ದರು, ಈ ಪ್ರಾಣಿ ಒಂಟಿಯಾಗಿ ಬದುಕುವುದಿಲ್ಲ ಎಂದು. ಒಂದು ಗುಂಡಿ ಒತ್ತಿದೆ. ಮೊಟ್ಟೆಯೊಡೆದು ಇನ್ನೊಂದು ಬಂತು. ಎರಡೂ ಸ್ವಲ್ಪ ಹೊತ್ತು ಒಂದನ್ನೊಂದು ಮೂಸಿ ನೋಡಿ, ಹೋಗಿ ಕೊಳದ ಹತ್ತಿರ ನಿಂತವು. ಆಮೇಲೆ ಮೂರು ಕೊಂಬಿನದು ಬೇಲಿಯ ಕಡೆ ತಿರುಗಿಯೂ ನೋಡಿಲ್ಲ.

ಇದು ನಿಮಗೆ ಗೊತ್ತಿತ್ತು ಅಪ್ಪ. ಪ್ರಾಣಿಯ ಮೂಗು ಒಣಗಿದ್ದು ನೋಡಿ ನಾಳೆ ಜ್ವರ ಬರುತ್ತದೆ ಎನ್ನುವವರು ನೀವು. ಒಂದನ್ನೇ ಮಾಡಿಸಿದ್ದೇನೆ ಎಂದು ನಾನು ಬಿಡಿಸಿ ಬರೆದಿದ್ದೆ. ಅದನ್ನು ಓದಿ ನೀವು ಕಲ್ಲು, ಕಂದಕ, ಪೊದೆ ಎಂದು ಒಂದು ಪುಟ ಬರೆದಿರಿ. ಹೊರಗಿನದು ಕಾಣದಿದ್ದರೆ ಆಸೆಯಾಗುವುದಿಲ್ಲ ಎಂದಿರಿ. ಅದನ್ನು ಎಷ್ಟು ಸಲ ಓದಿದೆನೋ, ಓದಿದಾಗಲೆಲ್ಲ ಅಳು ಬಂತು.

ಅಮ್ಮ ಏನನ್ನುತ್ತಿದ್ದಳು ನೆನಪಿದೆಯೇ? ‘ನನ್ನನ್ನೂ ಒಂದು ಬೋನಿಗೆ ಹಾಕ್ರಿ, ಆಗಲಾದ್ರೂ ದಿನಕ್ಕೆ ಎರಡು ಸಲ ಬಂದು ತಿಂದ್ಯಾ ಅಂತ ಕೇಳ್ತೀರಿ.’ ನಾವೆಲ್ಲ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ನಾನು ಹುಟ್ಟಿದ ದಿನ ನೀವು ಸಿಂಹಿಣಿಯ ಬೋನಿನ ಮುಂದೆ ಕೂತಿದ್ದಿರಿ. ಅದಕ್ಕೂ ಅವತ್ತೇ ನೋವು ಬಂದಿತ್ತು. ಅಮ್ಮ ಕೊನೆಯ ಸಲ ಆಸ್ಪತ್ರೆಗೆ ಸೇರಿದಾಗ ಜಿರಾಫೆಗೆ ದಿನ ತುಂಬಿತ್ತು. ನೀವು ಬಂದಿರಿ, ಆದರೆ ಅವಳ ಕಣ್ಣು ಮುಚ್ಚಿದ ಮೇಲೆ ಬಂದಿರಿ. ನನ್ನ ಹಿಂದಿನ ಎರಡು ಸಲವೂ ಮನಿಯಾರ್ಡರ್ ಬಂತು.

ನಾನು ಕೇಳಿದ್ದು ಮೂರು ಕೊಂಬಿನದರ ಬಗ್ಗೆ ಅಲ್ಲ. ನನಗೆ ಭಯವಾಗುತ್ತಿದೆ ಅಪ್ಪ. ಬಾಗಿಲು ಎಳೆದುಕೊಂಡು ಅಕ್ಕ ಹೋದ ಸದ್ದು ಕೇಳಿದ ಕೂಡಲೇ ಭಯ ಶುರುವಾಗುತ್ತದೆ. ಮತ್ತೆ ರಕ್ತ ಹೋದರೆ ಆಸ್ಪತ್ರೆಯವರು ಹೇಳಿದ ಆ ‘ಯಾರಾದರೂ’ ನನಗೆ ಯಾರೂ ಇಲ್ಲ. ಈ ಮಗುವೂ ಹೋದರೆ ಅದನ್ನು ಒಬ್ಬಳೇ ನೋಡುವ ಶಕ್ತಿ ನನಗಿಲ್ಲ. ನೀವು ಬನ್ನಿ. ಬಂದು ಏನೂ ಮಾಡಬೇಡಿ, ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿರಿ. ಮುದುಕಿಯನ್ನು ಸಾಗಿಸಿದ ಮೇಲೆ ಎಂದು ಮಾತ್ರ ಬರೆಯಬೇಡಿ. ಅವಳನ್ನು ಇನ್ನು ಯಾರೂ ಒಯ್ಯುವುದಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಮಗಳು


ಮೇ 6

ಅಪ್ಪ,

ನಿಮ್ಮ ಕಾಗದ ಬರಲಿಲ್ಲ. ಹಿಂದಿನ ಕಾಗದವನ್ನು ಸಿಟ್ಟಿನಲ್ಲಿ ಬರೆದೆ. ಬರೆದದ್ದು ಸುಳ್ಳು ಎಂದು ಹೇಳುವುದಿಲ್ಲ. ಮುದುಕಿಯ ಬಗ್ಗೆ ಅಷ್ಟು ನಿಷ್ಠುರವಾಗಿ ಬರೆಯಬಾರದಿತ್ತು, ಅದೊಂದು ಹೌದು.

ಆಟ ಬಿಟ್ಟಿದ್ದೇನೆ. ಲ್ಯಾಪ್‌ಟಾಪು ಇಡಲು ಈಗ ಹೊಟ್ಟೆಯ ಮೇಲೆ ಜಾಗವಿಲ್ಲ, ಮಗ್ಗುಲಾಗಿ ಆಡಿದರೆ ಕತ್ತು ಹಿಡಿಯುತ್ತದೆ. ಪಾರ್ಕು ಹೇಗಿದೆಯೋ ಹಾಗೇ ನಿಂತಿದೆ.

ಇಪ್ಪತ್ತನೇ ತಾರೀಕಿಗೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರಂತೆ, ಕೊಯ್ದೇ ತೆಗೆಯಬೇಕಂತೆ. ‘ಜೊತೆಗೆ ಯಾರಿರ್ತಾರಮ್ಮ?’ ಎಂದು ಡಾಕ್ಟರಮ್ಮ ಕೇಳಿದರು. ‘ಬರ್ತಾರೆ’ ಎಂದೆ.

ಮಗಳು


ಮೇ 11

ಮರಿ,

ನಿನ್ನ ಎರಡು ಕಾಗದವೂ ಕೈಸೇರಿದವು. ಮೊದಲನೆಯದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಅಮ್ಮನ ವಿಷಯಕ್ಕೆ ಏನು ಬರೆದರೂ ಸರಿಹೋಗಲಿಲ್ಲ. ಮೂರು ಕೊಂಬಿನದು ಒಂದೇ ಇದೆ ಎಂದು ನೀನು ಬರೆದದ್ದನ್ನು ನಾನು ಓದಿದ್ದೆ. ಗೊತ್ತಿತ್ತು. ಅದನ್ನು ಬರೆದರೆ ಮುಂದಿನ ಸಾಲಿನಲ್ಲಿ ಬರುತ್ತೇನೆ ಎಂದೂ ಬರೆಯಬೇಕಾಗುತ್ತಿತ್ತು. ಬರೆಯುವ ಧೈರ್ಯವಿರಲಿಲ್ಲ, ಬೇಲಿಯ ಬಗ್ಗೆ ಬರೆದೆ.

ಆ ಇನ್ನೊಂದು ಕಡೆಯವರೂ ಮುದುಕಿ ಬೇಡ ಎಂದರು. ನಾನು ಸಾಹೇಬರ ಕೋಣೆಗೆ ಹೋಗಿ, ಮಗಳ ಹೆರಿಗೆಗೆ ಹೊರಟಿದ್ದೇನೆ ಎಂದೆ. ‘ಇಷ್ಟು ವರ್ಷ ಯಾವುದಕ್ಕೂ ಹೋಗದವರು ಈಗ ಹೊರಟ್ರಾ? ಅದಕ್ಕೆ ಮೇವು ಯಾರು ಹಾಕ್ತಾರೆ?’ ಎಂದರು. ಬಾಯಿ ಆಡುವುದು ಕಂಡಿತು, ಅರ್ಧ ಕೇಳಿಸಿತು, ಉಳಿದರ್ಧವನ್ನು ಊಹಿಸಿಕೊಂಡೆ. ‘ಹೂಂ’ ಎಂದು ಹೇಳಿ ಹೊರಗೆ ಬಂದೆ. ಕಿವುಡಾಗಿದ್ದಕ್ಕೆ ಮೊದಲ ಸಲ ಒಂದು ಉಪಯೋಗವಾಯಿತು.

ಅಂದಿನಿಂದ ಕಾವಲುಗಾರನಿಗೆ ಕಲಿಸುತ್ತಿದ್ದೇನೆ. ಕುಂಬಳಕಾಯಿ ಎಷ್ಟು ಬೇಯಬೇಕು, ತಟ್ಟೆಯನ್ನು ಯಾವ ಕಣ್ಣಿನ ಕಡೆಗೆ ತಳ್ಳಬೇಕು, ಅವಳು ತಿನ್ನುವಾಗ ಮುಖ ನೋಡಬಾರದು, ಎಲ್ಲ ಹೇಳಿಕೊಟ್ಟೆ. ಪಾಪ, ಮನಸ್ಸಿಟ್ಟು ಕಲಿತ. ನನ್ನ ಕೆಲಸದ ಅಂಗಿಯನ್ನೂ ಒಗೆಯದೆ ಹಾಗೇ ಕೊಟ್ಟೆ, ವಾಸನೆಗಾದರೂ ಒಪ್ಪಲಿ ಎಂದು. ಅವನಿಗೆ ಅದು ಮೊಣಕಾಲಿನವರೆಗೆ ಬರುತ್ತದೆ. ಹಾಕಿಕೊಂಡು ಹೋಗಿ ನಿಂತ. ನಾನು ಗೋಡೆಯ ಹಿಂದೆ ನಿಂತಿದ್ದೆ. ಮುದುಕಿ ಬಂದು ಅಂಗಿಯನ್ನು ಮೂಸಿದಳು, ಇದ್ದೊಂದು ಕಣ್ಣಿನಲ್ಲಿ ಅವನ ಮುಖ ನೋಡಿದಳು, ತಟ್ಟೆಗೆ ಬೆನ್ನು ಹಾಕಿ ಒಳಗೆ ಹೋದಳು.

ಮೂರು ಹೊತ್ತು ಹಾಗೇ ಆಯಿತು. ‘ನೀವು ಒಂದ್ಸಲ ಕೊಟ್ಟುಬಿಡಿ ಯಜಮಾನ್ರೇ, ನನ್ನ ಕೈಲಿ ನೋಡಕ್ಕಾಗಲ್ಲ’ ಎಂದ ಕಾವಲುಗಾರ. ಕೊಡಲಿಲ್ಲ. ಈಗ ನಾನು ಒಂದು ಸಲ ಕೊಟ್ಟರೆ ಮುಂದೆ ಎಂದೂ ಅವನ ಕೈಯಿಂದ ತಿನ್ನುವುದಿಲ್ಲ. ಹಸಿವು ಹೆಚ್ಚಾದರೆ ತಿಂದಾಳು. ತಿನ್ನದೆಯೂ ಇರಬಹುದು. ಅವಳ ವಯಸ್ಸಿಗೆ ಬಹಳ ದಿನ ತಡೆಯುವುದಿಲ್ಲ. ಇವತ್ತು ಬೆಳಿಗ್ಗೆಯೂ ತಿನ್ನಲಿಲ್ಲ.

ತಿನ್ನಲಿಲ್ಲ ಎಂದು ಗೊತ್ತಿದ್ದೇ ಹೊರಟಿದ್ದೇನೆ. ಇದನ್ನು ನಿನ್ನ ತಲೆಯ ಮೇಲೆ ಹೊರಿಸಲು ಬರೆಯುತ್ತಿಲ್ಲ. ಬಂದ ಮೇಲೆ ನಾನು ಮಾತಿಲ್ಲದೆ ಕೂತಿದ್ದರೆ ನಿನ್ನ ಮೇಲೆ ಸಿಟ್ಟೆಂದು ತಿಳಿಯಬಾರದು, ಅದಕ್ಕೆ ಬರೆದೆ. ಸಿಟ್ಟಿಲ್ಲ. ತುಂಬಾ ದಣಿದಿದ್ದೇನೆ, ಅಷ್ಟೆ. ನೀನೂ ದಣಿದಿದ್ದೀ. ಇಬ್ಬರೂ ಸುಮ್ಮನೆ ಇರೋಣ.

ಟಿಕೆಟ್ ತೆಗೆಸಿದ್ದೇನೆ, ಹದಿನೇಳರ ಮಧ್ಯಾಹ್ನ ತಲುಪುತ್ತೇನೆ. ಅಷ್ಟು ಹೊತ್ತಿಗೆ ಅಕ್ಕ ಹೋಗಿರುತ್ತಾಳೆ. ಅವತ್ತು ಬಾಗಿಲಿನ ಬೀಗ ತೆಗೆದಿಟ್ಟೇ ಹೋಗಲು ಹೇಳು. ನಾನು ತಟ್ಟಿದರೆ ನೀನು ಒಳಗಿನಿಂದ ಕೂಗುತ್ತೀ, ನನಗೆ ಕೇಳಿಸುವುದಿಲ್ಲ, ಕೇಳಿಸಲಿಲ್ಲವೆಂದು ನೀನು ಎದ್ದು ಬರುತ್ತೀ. ಏಳಬೇಡ. ಯಾರ ಸದ್ದಾದರೂ ಮಲಗಿಯೇ ಇರು, ನಾನೇ ಒಳಗೆ ಬರುತ್ತೇನೆ.

ಅಪ್ಪ